ನಾರ್ಮಲ್ ಅಂದ್ರ ಯಾವಾಗ?

ನಾಸಿಕದ ನಮ್ಮ ಮನೆಯ ಕಪಾಟಿನ ಕೆಳಖಾನೆಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಒಳಗೆ ಬಿಸ್ಕತ್ತಿಲ್ಲ, ರಿಲೇಗಳಿವೆ. ನಮ್ಮಾಕೆ ಅದನ್ನು ಎರಡು ಸಲ ಭಂಗಾರದವನಿಗೆ ಕೊಟ್ಟಿದ್ದಾಳೆ. ಎರಡು ಸಲವೂ ನಾನು ಓಣಿಯ ತುದಿವರೆಗೆ ಓಡಿ ಬಿಡಿಸಿಕೊಂಡು ಬಂದಿದ್ದೇನೆ. ಈ ಸೀಮೆಯಲ್ಲಿ ಭಂಗಾರ ಎಂದರೆ ಗುಜರಿ. ಬಾಗಲಕೋಟೆಯಿಂದ ಮೊದಲ ಸಲ ಇಲ್ಲಿಗೆ ಬಂದಿದ್ದ ಅವ್ವ ಬೆಳ್ಳಂಬೆಳಗ್ಗೆ ‘ಭಂಗಾರ್‌ವಾಲೇ’ ಎಂಬ ಕೂಗು ಕೇಳಿ, “ಏನಪಾ ಇದು, ಈ ಊರಾಗ ಬಂಗಾರ ಕೈಗಾಡಿ ಮ್ಯಾಲ ಮಾರತಾರ?” ಎಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಓಡಿದ್ದಳು. ಗಾಡಿಯ ತುಂಬ ತುಕ್ಕುಹಿಡಿದ ಕೂಲರ್ ಬಾಡಿ, ಒಡೆದ ಬಕೆಟ್ಟು. ಅವ್ವ ಒಳಗೆ ಬಂದು ಒಂದು ತಾಸು ಮಾತಾಡಲಿಲ್ಲ.

ಡಬ್ಬಿಯಲ್ಲಿರುವ ರಿಲೇಗಳಲ್ಲಿ ಹೆಚ್ಚಿನವು ಸಂಕ್ರಾಂತಿಯ ಸಕ್ಕರೆ ಅಚ್ಚಿನಷ್ಟು ಪುಟ್ಟವು. ಒಳಗೆ ತಾಮ್ರದ ತಂತಿಯ ಒಂದು ಸುರುಳಿ, ಅಂದರೆ ಕಾಯಿಲ್. ಅದರ ನೆತ್ತಿಯ ಮೇಲೆ ಒಂದು ಕಬ್ಬಿಣದ ತುಂಡು, ಅದಕ್ಕೆ ಹೊಂದಿಕೊಂಡ ಪಟ್ಟಿ, ಪಟ್ಟಿಯ ತುದಿಯಲ್ಲಿ ಬೆಳ್ಳಿಯ ಬೊಟ್ಟು. ಬೊಟ್ಟಿಗೆ ಕಾರ್ಖಾನೆಯ ಭಾಷೆಯಲ್ಲಿ ‘ಪಾಯಿಂಟ್’. ಕಾಯಿಲ್‌ಗೆ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಟಕ್ ಎನ್ನುತ್ತದೆ, ಪಾಯಿಂಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತದೆ. 12 ವೋಲ್ಟಿನ ಕಾಯಿಲ್‌ನ ಅಡ್ಡಿ ಸುಮಾರು 400 ಓಮ್. ಎಂದರೆ ಹರಿಯುವುದು 30 ಮಿಲಿಆಂಪಿಯರ್, ಖರ್ಚು 0.36 ವ್ಯಾಟ್. ಅಷ್ಟು ಬಡಕಲು ಕೈ 10 ಆಂಪಿಯರ್ ಹೊರುವ ಪಾಯಿಂಟನ್ನು ತೆರೆದು ಮುಚ್ಚುತ್ತದೆ. ಮನೆಯ 230 ವೋಲ್ಟಿನಲ್ಲಿ ಅದು 2,300 ವ್ಯಾಟ್. ಗೀಸರ್ ಕಾಯಿಸುವಷ್ಟು.

1988ರಲ್ಲಿ ಡಿಪ್ಲೊಮಾ ಮುಗಿಸಿ ಸಾತ್ಪುರ ಎಂಐಡಿಸಿಯ ಒಂದು ಪ್ಯಾನೆಲ್ ಕಟ್ಟುವ ಶೆಡ್ಡಿಗೆ ಸೇರಿದಾಗ ನಾನು ಇಷ್ಟನ್ನು ಬಲ್ಲವನಾಗಿದ್ದೆ. ಬಲ್ಲೆ ಎಂಬ ಹಮ್ಮಿನಲ್ಲೇ ಬಾಡಿಗೆ ಮನೆಯ ಗಚ್ಚಿಯ ಟಾಂಕಿಗೆ ಒಂದು ಆಟೊಮ್ಯಾಟಿಕ್ ಮಾಡಿಕೊಡುತ್ತೇನೆಂದು ಮಾಲಕಿ ವಹಿನಿಗೆ ಮಾತು ಕೊಟ್ಟೆ. ಟಾಂಕಿ ತುಂಬಿದಾಗ ತೇಲುಬುಂಡೆ ಮೇಲೆದ್ದು ಸ್ವಿಚ್ ಒತ್ತುತ್ತದೆ, ರಿಲೇ ಎಳೆಯುತ್ತದೆ, ಪಂಪು ನಿಲ್ಲಬೇಕು. ರಿಲೇಯ ಬುಡದಲ್ಲಿ 11, 12, 14 ಎಂದು ಅಂಕಿಗಳಿದ್ದವು. 11 ನಡುವಿನದು. 11ರಿಂದ 12 ‘ನಾರ್ಮಲಿ ಕ್ಲೋಸ್ಡ್’, 11ರಿಂದ 14 ‘ನಾರ್ಮಲಿ ಓಪನ್’. ನಾನು ಯೋಚಿಸಿದೆ: ಪಂಪು ದಿನದ ಇಪ್ಪತ್ಮೂರು ತಾಸು ಬಂದಾಗಿಯೇ ಇರುತ್ತದಲ್ಲ, ಹಾಗಾದರೆ ಅದರ ನಾರ್ಮಲ್ ಸ್ಥಿತಿ ಬಂದ್, ನಾರ್ಮಲಿ ಓಪನ್ನಿಗೇ ಜೋಡಿಸಬೇಕು. ಜೋಡಿಸಿದೆ. ತುಂಬಿದ ಟಾಂಕಿಗೆ ನೀರು ಸುರಿಯುವ, ಬರಿದಾದ ಟಾಂಕಿಯತ್ತ ಮುಖ ಹಾಕದ ಯಂತ್ರವೊಂದು ತಯಾರಾಯಿತು. ಬ್ಯಾಂಕುಗಳು ಸಾಲ ಕೊಡುವುದೂ ಇದೇ ತತ್ತ್ವದ ಮೇಲೆ ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ಗಚ್ಚಿಯ ಮೇಲೆ ವಹಿನಿ ಒಣಹಾಕಿದ್ದ ವರ್ಷದ ಕುರಡಾಯಿ ಸಂಡಿಗೆ ನೀರಲ್ಲಿ ತೇಲಿ ಮೆಟ್ಟಿಲು ಇಳಿಯಿತು.

ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮಾಕೆ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು: “ಅಲ್ರೀ, ನಾರ್ಮಲ್ ಅಂದ್ರ ಯಾವಾಗ?”

ಮೂವತ್ತೈದು ವರ್ಷದ ನನ್ನ ಕಸುಬಿನಲ್ಲಿ ಇದಕ್ಕಿಂತ ಚೊಕ್ಕ ಪ್ರಶ್ನೆ ಯಾವ ಇಂಜಿನಿಯರೂ ಕೇಳಿದ್ದಿಲ್ಲ. ಉತ್ತರ ಇಷ್ಟೇ: ನಾರ್ಮಲ್ ಎಂದರೆ ರಿಲೇ ತನ್ನ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿರುವಾಗ. ಕಾಯಿಲ್‌ಗೆ ಕರೆಂಟೇ ಇಲ್ಲದಾಗ. ಅದು ಹಚ್ಚಿದ ಯಂತ್ರ ದಿನವಿಡೀ ಏನು ಮಾಡುತ್ತದೆ, ಮನೆಯವರಿಗೆ ಏನು ರೂಢಿ, ಇದಾವುದೂ ಆ ಶಬ್ದಕ್ಕೆ ಗೊತ್ತಿಲ್ಲ. ಒಂದು ರಿಲೇ ತನ್ನ ಆಯುಷ್ಯದ ತೊಂಬತ್ತು ಪಾಲು ಎಳೆದುಕೊಂಡೇ ಕಳೆದರೂ ಅದರ ನಾರ್ಮಲ್ ಮಾತ್ರ ಪೆಟ್ಟಿಗೆಯದೇ. ನನ್ನ ನೇಮಕಾತಿ ಪತ್ರದಲ್ಲೂ ‘ನಾರ್ಮಲ್ ವರ್ಕಿಂಗ್ ಅವರ್ಸ್’ ಎಂದಿತ್ತು. ಅದೂ ಬಹುಶಃ ನಾನು ಊರಲ್ಲಿ ಮಲಗಿದ್ದಾಗಿನ ಲೆಕ್ಕ.

ಕೆಲಸದ ಮೇಲೆ ತಿಂಗಳಿಗೆರಡು ಸಲ ವಾಳೂಜಿಗೆ ಹೋಗಬೇಕಾಗುತ್ತಿತ್ತು. ಅದರ ಪಕ್ಕದ ಊರು ಆಗ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಎಸ್‌ಟಿ ಬಸ್ಸು ನಿಫಾಡ, ಯೇವಲಾ, ವೈಜಾಪುರ ದಾಟಿ ಕುಲುಕಾಡಿಸಿಕೊಂಡು ಮುಟ್ಟಿಸುತ್ತಿತ್ತು. ಒಂದು ಭಾನುವಾರ ಬಿಡುವು ಸಿಕ್ಕು ದೌಲತಾಬಾದ್ ಕೋಟೆ ಹತ್ತಿದೆ. ಸೇವುಣರ ದೇವಗಿರಿ. ಕನ್ನಡ ಓದಿದವರಿಗೆ ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕದಿಂದ ಈ ಊರು ನೋಡದೆಯೂ ಗೊತ್ತು. ನನಗೆ ಅಲ್ಲಿ ನೆನಪಾದದ್ದು ನಾಟಕವಲ್ಲ, ಅದೇ ಸುಲ್ತಾನನ ಬಳಿ ನೌಕರಿಗಿದ್ದ ಇಬ್ನ್ ಬತೂತ ಬರೆದಿಟ್ಟ ಟಪಾಲಿನ ವಿಚಾರ. ಮೈಲಿಗೆ ಮೂರು ಠಾಣೆ. ಓಟಗಾರನ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ದೂರದಿಂದಲೇ ಕೇಳಿ ಮುಂದಿನ ಠಾಣೆಯವನು ಸೊಂಟ ಬಿಗಿದು ನಿಲ್ಲುತ್ತಾನೆ, ಕಾಗದ ಇಸಿದುಕೊಂಡು ಹಾರುತ್ತಾನೆ. ಕುದುರೆ ಟಪಾಲಿಗಿಂತ ಇದೇ ಜೋರಂತೆ. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಅವನಿಗೆ ಕುಡಿಯಲು ನಲವತ್ತು ದಿನದ ಹಾದಿ ದೂರದ ಗಂಗೆಯ ನೀರು ಹೀಗೇ ಕೈಯಿಂದ ಕೈಗೆ ಬರುತ್ತಿತ್ತು. ಕೋಟೆಯಿಂದ ಒಂದೆರಡು ದಿನದ ನಡಿಗೆಯಲ್ಲೇ ಗೋದಾವರಿ ಇದೆ. ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯೆಂದು ಗುರುತಿಸಿದ ಅದೇ ಗೋದಾವರಿ, ನಮ್ಮ ನಾಸಿಕದ ರಾಮಕುಂಡದ ಗೋದಾವರಿ. ಹತ್ತಿರದ ನೀರು ದೊಡ್ಡವರಿಗೆ ಆಗಿಬರುವುದಿಲ್ಲ.

ರಿಲೇ ಎಂಬ ಶಬ್ದ ಹುಟ್ಟಿದ್ದೂ ಇಂಥದೇ ಕೆಲಸಕ್ಕೆ. ಹಳೆಯ ಫ್ರೆಂಚಿನಲ್ಲಿ ಅದು ಬೇಟೆಯ ಹಾದಿಯಲ್ಲಿ ಅಲ್ಲಲ್ಲಿ ಕಾದಿರಿಸಿದ ಬೇಟೆನಾಯಿಗಳ ಹೆಸರು. ಓಡಿ ಏದುಸಿರುಬಿಟ್ಟವನ್ನು ಬಿಟ್ಟು ಹೊಸವನ್ನು ಹಚ್ಚುವುದು. ಆಮೇಲೆ ಟಪಾಲಿನ ಕುದುರೆಗಳಿಗೆ ಅಂಟಿತು, ಅಲ್ಲಿಂದ ತಂತಿಗೆ. ತಂತಿಯಲ್ಲಿ ಕರೆಂಟು ದೂರ ಹೋದಷ್ಟೂ ಸೊರಗುತ್ತದೆ. ಸೊರಗಿದ ಕರೆಂಟು ಬೇರೇನೂ ಮಾಡಬೇಕಿಲ್ಲ, ಒಂದು ಎಳೆಯ ಪಾಯಿಂಟು ಮುಚ್ಚಿದರೆ ಸಾಕು. ಮುಂದಿನ ಹಾದಿಯನ್ನು ಅಲ್ಲಿಯ ಹೊಸ ಬ್ಯಾಟರಿ ಓಡುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1830ರ ದಶಕದಲ್ಲಿ ಇದನ್ನು ತರಗತಿಯಲ್ಲಿ ತೋರಿಸುತ್ತಿದ್ದ. ದೊಡ್ಡ ಅಯಸ್ಕಾಂತಕ್ಕೆ ಮಣಗಟ್ಟಲೆ ಭಾರ ಜೋತುಬಿಡುವುದು, ದೂರದಲ್ಲಿ ಕೂತು ಸಣ್ಣ ಕರೆಂಟಿನಿಂದ ಅದರ ಸರ್ಕೀಟು ಕತ್ತರಿಸುವುದು, ಭಾರ ಧಡ್ ಎಂದು ಬಿದ್ದು ಹುಡುಗರು ಬೆಚ್ಚುವುದು. ಪ್ರಯೋಗಶಾಲೆಯಿಂದ ಮನೆಗೂ ಒಂದು ತಂತಿ ಎಳೆದು, ಊಟದ ಸುದ್ದಿ ಹೆಂಡತಿಗೆ ಮುಟ್ಟಿಸುತ್ತಿದ್ದನಂತೆ. ನನ್ನ ಮಟ್ಟಿಗೆ ಆ ತಂತಿಯೇ ದೊಡ್ಡ ಸಂಶೋಧನೆ.

ಟಾಂಕಿಯ ಪಾಠವನ್ನು ನಾನು ಅರ್ಧವೇ ಕಲಿತಿದ್ದೆ ಎಂದು ತಿಳಿದದ್ದು ವಾಳೂಜಿನಲ್ಲಿ. ಒಂದು ಕಾರ್ಖಾನೆಗೆ ಹಳಿಯ ಮೇಲೆ ಓಡುವ ಟ್ರಾಲಿಯ ಪ್ಯಾನೆಲ್ ಕಟ್ಟಿಕೊಟ್ಟಿದ್ದೆವು. ಟ್ರಾಲಿಯ ಬ್ರೇಕು 110 ವೋಲ್ಟ್ ಡಿಸಿಯದು. ಕರೆಂಟು ಇದ್ದರೆ ಬ್ರೇಕು ಬಿಡುತ್ತದೆ, ಕರೆಂಟು ಹೋದರೆ ಹಿಡಿಯುತ್ತದೆ. ಅದರ ನಾರ್ಮಲ್, ಹಿಡಿದುಕೊಂಡಿರುವುದು. ಈ ಸಲ ನಾರ್ಮಲ್ ಸರಿಯಾಗಿ ಓದಿದ್ದೆ. ಬ್ರೇಕಿನ ಕಾಯಿಲ್ ಎಳೆಯುವುದು ಒಂದು ಆಂಪಿಯರ್, ರಿಲೇಯ ಮೇಲೆ ಬರೆದಿರುವುದು 10 ಆಂಪಿಯರ್. ಹತ್ತು ಪಟ್ಟು ಸುಖ. ಮೂರನೆಯ ವಾರ ಗುಂಡಿ ಒತ್ತಿದರೂ ಟ್ರಾಲಿ ನಿಲ್ಲಲಿಲ್ಲ. ಬಣ್ಣದ ಎರಡು ಡ್ರಮ್ಮು ಕೆಡವಿ, ಸೂಪರ್‌ವೈಸರರ ಚಹದ ಮೇಜು ಮುರಿದು, ಗೋಡೆಗೆ ಒರಗಿ ನಿಂತಿತು. ಸೂಪರ್‌ವೈಸರರು ಅದೃಷ್ಟಕ್ಕೆ ಚಹ ತರಲು ಹೋಗಿದ್ದರು.

ನಮ್ಮ ಶೆಡ್ಡಿನ ಹಿರಿಯ ವೈರ್‌ಮನ್ ಕಾಕಾ ಜತೆಗೆ ಬಂದಿದ್ದರು. ರಿಲೇ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ, “ಚಿಕಟ್ಲಾ” ಎಂದರು. ಪಾಯಿಂಟುಗಳು ಕರಗಿ ಒಂದಕ್ಕೊಂದು ಅಂಟಿಬಿಟ್ಟಿದ್ದವು. ಮುಚ್ಚಳವನ್ನು ನನ್ನ ಕಣ್ಣೆದುರು ಹಿಡಿದು “ಪೂರ್ಣ ವಾಚ್” ಎಂದರು. ಪೂರ್ತಿ ಓದು. 10 ಆಂಪಿಯರ್ ಎಂಬುದರ ಪಕ್ಕದಲ್ಲೇ 250 ವೋಲ್ಟ್ ಎಂದಿತ್ತು, ಅದರ ಪಕ್ಕ ಸಣ್ಣದೊಂದು ಅಲೆಯ ಗೆರೆ. ಅಲೆ ಎಂದರೆ ಎಸಿ. ಆಮೇಲೆ ಕ್ಯಾಟಲಾಗ್ ತೆಗೆದು ನೋಡಿದೆ. ಅದೇ ರಿಲೇ 110 ವೋಲ್ಟ್ ಡಿಸಿಯಲ್ಲಿ ಕತ್ತರಿಸಬಲ್ಲದ್ದು 0.3 ಆಂಪಿಯರ್. ಅದೂ ಹೀಟರಿನಂಥ ಸಾಧು ಲೋಡಿಗೆ.

ಕಾರಣ ಸರಳ. ಪಾಯಿಂಟು ಬಿಡುವಾಗ ನಡುವೆ ಕಿಡಿಯ ಸೇತುವೆ ಹುಟ್ಟುತ್ತದೆ. ನಮ್ಮ ಎಸಿ ಸೆಕೆಂಡಿಗೆ 50 ಸುತ್ತಿನದು, ಪ್ರತಿ ಸುತ್ತಿಗೆ ಎರಡು ಸಲ, ಒಟ್ಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಇಳಿದ ಗಳಿಗೆಯಲ್ಲಿ ಕಿಡಿ ತಾನೇ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಉಸಿರು ಬಿಡದೆ ಜಗಳವಾಡುವವರ ಹಾಗೆ. ಲೋಡು ಕಾಯಿಲ್ ಆಗಿದ್ದರಂತೂ ಮುಗಿಯಿತು, ಅದು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಆ ಕಿಡಿಗೇ ಸುರಿಯುತ್ತದೆ. ಎರಡು ರೂಪಾಯಿಯ ಡಯೋಡ್ ಒಂದನ್ನು ಕಾಯಿಲ್‌ಗೆ ತಿರುವುಮುರುವಾಗಿ ಕಟ್ಟಿದ್ದರೆ ಶಕ್ತಿ ಒಳಗೇ ಸುತ್ತಿ ತಣಿಯುತ್ತಿತ್ತು. ಬ್ರೇಕು ಹಿಡಿಯುವುದು ತುಸು ತಡವಾಗುತ್ತಿತ್ತು, ಅಷ್ಟೆ. ಮುಂಬಯಿಗೆ ರೈಲಿನಲ್ಲಿ ಹೋಗುವಾಗ ಈ ಎಸಿ ಡಿಸಿಗಳ ಗಡಿಯನ್ನೇ ದಾಟುತ್ತಿದ್ದೆವು. ಆಗ ಇಗತಪುರಿಯವರೆಗೆ 25,000 ವೋಲ್ಟ್ ಎಸಿ, ಅಲ್ಲಿಂದ ಥಳ ಘಾಟಿನ ಕೆಳಗೆ 1,500 ವೋಲ್ಟ್ ಡಿಸಿ. ಎಂಜಿನ್ನು ಬದಲಾಗುವವರೆಗೆ ಗಾಡಿ ನಿಲ್ಲುತ್ತಿತ್ತು. ಜನ ವಡಾಪಾವ್ ತಿನ್ನುತ್ತಿದ್ದರು. ಏದುಸಿರಿನ ಕುದುರೆ ಬಿಟ್ಟು ಹೊಸ ಕುದುರೆ ಕಟ್ಟುವುದು ಎಂದರೆ ಇದೇ ಎಂದು ನಾನೊಬ್ಬನೇ ಪುಳಕಗೊಳ್ಳುತ್ತಿದ್ದೆ.

ಆ ಟ್ರಾಲಿಯ ದಿನದಿಂದ ಕ್ಯಾಟಲಾಗನ್ನು ಕಾಕಾ ಹೇಳಿದಂತೆ ಪೂರ್ಣ ಓದತೊಡಗಿದೆ. ಪ್ರತಿ ಅಂಕಿಗೂ ಒಂದು ‘ಆದರೆ’ ಇತ್ತು. 12 ವೋಲ್ಟಿನ ರಿಲೇ 9 ವೋಲ್ಟಿಗೇ ಎಳೆಯುತ್ತದೆ, ಇದು ಪಿಕ್‌ಅಪ್. ಆದರೆ ಆ 9 ಎಂಬುದು ತಣ್ಣನೆಯ 20 ಡಿಗ್ರಿಯಲ್ಲಿ. ಮೇ ತಿಂಗಳಲ್ಲಿ ವಾಳೂಜಿನ ತಗಡಿನ ಶೆಡ್ಡಿನ ಕೆಳಗೆ, ಬಾಗಿಲು ಹಾಕಿದ ಪ್ಯಾನೆಲ್ಲಿನೊಳಗೆ 60 ಡಿಗ್ರಿ ಏರಿದಾಗ ತಾಮ್ರದ ಅಡ್ಡಿ ಹೆಚ್ಚಿ, ಅದೇ ರಿಲೇ ಏಳಲು 10.4 ವೋಲ್ಟ್ ಕೇಳುತ್ತದೆ. ಒಮ್ಮೆ ಎದ್ದ ಮೇಲೆ ಮಾತ್ರ ಅದು ಹಟಮಾರಿ. 9ಕ್ಕೆ ಎದ್ದದ್ದು 8ಕ್ಕೆ ಬೀಳುವುದಿಲ್ಲ, 5ಕ್ಕೂ ಬೀಳುವುದಿಲ್ಲ. ಬಿಟ್ಟೇ ಬಿಡುತ್ತದೆ ಎಂಬ ಖಾತ್ರಿ 1.2 ವೋಲ್ಟಿಗೆ ಇಳಿದಾಗ. ನನ್ನನ್ನು ಬಾಗಲಕೋಟೆಯಿಂದ ಎಬ್ಬಿಸಲು ಅಪ್ಪನ ಬೈಗುಳ, ಸೋದರಮಾವನ ಶಿಫಾರಸು, ಎರಡು ಟೆಲಿಗ್ರಾಂ ಬೇಕಾದವು. ನಾಸಿಕದಲ್ಲಿ ಹಿಡಿದಿಡಲು ಇಷ್ಟು ವರ್ಷ ಅಷ್ಟೇನೂ ಬೇಕಾಗಿಲ್ಲ.

ಆಯುಷ್ಯದಲ್ಲೂ ಎರಡು ಲೆಕ್ಕ. ಬರಿದೇ ಟಕ್‌ಟಕ್ ಎನ್ನುತ್ತಿದ್ದರೆ ಒಂದು ಕೋಟಿ ಸಲ, ಪೂರ್ಣ ಭಾರ ಹೊತ್ತರೆ ಒಂದು ಲಕ್ಷ ಸಲ. ಆಫೀಸುಗಳಲ್ಲಿ ಕೆಲವರು ಅರವತ್ತರಲ್ಲೂ ಹೊಸದರಂತೆ ಹೊಳೆಯುವುದು ಇದರಿಂದಲೇ ಇರಬೇಕು. ಪ್ಯಾನೆಲ್ಲಿಗೆ ನುಗ್ಗುವ ಹಲ್ಲಿಯ ವಿಚಾರ ಮಾತ್ರ ಯಾವ ಕ್ಯಾಟಲಾಗಿನಲ್ಲೂ ಇಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಗಣಕದ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿ, ಅದನ್ನು ದಿನಚರಿಗೆ ಅಂಟಿಸಿ ಲೋಕಪ್ರಸಿದ್ಧ ಮಾಡಿದರು. ನಮ್ಮ ಪ್ಯಾನೆಲ್ಲುಗಳಲ್ಲಿ ಸತ್ತ ಹಲ್ಲಿಗಳಿಗೆ ಆ ಭಾಗ್ಯವಿಲ್ಲ.

ಎಲ್ಲಕ್ಕಿಂತ ತಡವಾಗಿ ಕಣ್ಣಿಗೆ ಬಿದ್ದ ಸಾಲು ‘ಕನಿಷ್ಠ ಲೋಡ್’. 10 ಆಂಪಿಯರ್ ಹೊರುವವನು ಒಂದು ಮಿಲಿಆಂಪಿಯರ್ ಹೊರಲಾರನೇ? ಹೊರಲಾರ. ಬೆಳ್ಳಿಗೆ ಗಾಳಿಯ ಗಂಧಕ ತಾಗಿ ಕಪ್ಪು ಪೊರೆ ಕಟ್ಟುತ್ತದೆ, ದೇವರ ಮುಂದಿನ ಬೆಳ್ಳಿ ದೀಪದ ಹಾಗೆ. ದೊಡ್ಡ ಕರೆಂಟು ಪ್ರತಿ ಸಲವೂ ಆ ಪೊರೆಯನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಸಣ್ಣದು ಹೊರಗೇ ನಿಲ್ಲುತ್ತದೆ. ದಿನಾ ತೊಟ್ಟ ಕಾಲ್ಗೆಜ್ಜೆ ಹೊಳೆಯುತ್ತದೆ, ಪೆಟ್ಟಿಗೆಯಲ್ಲಿಟ್ಟದ್ದು ಕಪ್ಪಾಗುತ್ತದೆ. ಅದಕ್ಕೇ ಪಿಸುಮಾತಿನಂಥ ಕರೆಂಟು ಸಾಗಿಸುವ ರಿಲೇಗಳ ಬೆಳ್ಳಿಯ ಮೇಲೆ ತೆಳ್ಳಗೆ ಬಂಗಾರ ಬಳಿದಿರುತ್ತಾರೆ. ಬಂಗಾರಕ್ಕೆ ಪೊರೆ ಕಟ್ಟುವುದಿಲ್ಲ.

ಅವ್ವ ಕೊನೆಯ ಸಲ ನಾಸಿಕಕ್ಕೆ ಬಂದಾಗ ಡಬ್ಬಿ ತೆಗೆದು ಅಂಥದೊಂದು ರಿಲೇಯ ಮುಚ್ಚಳ ಬಿಚ್ಚಿ ತೋರಿಸಿದೆ. ಸಾಸಿವೆಗಿಂತ ಸಣ್ಣ ಎರಡು ಹಳದಿ ಬೊಟ್ಟು. ಅವಳು ಚಾಳೀಸು ಮೇಲೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊರಗೆ ಕೈಗಾಡಿಯವನು ಕೂಗುತ್ತ ಹೋಗುತ್ತಿದ್ದ.

“ಮತ್ತ ನಾ ಅವತ್ತ ಏನಂದಿದ್ನಿ?” ಎಂದಳು.