ಕ್ಲಾಸ್ ಆಫ್ ’57 ಮತ್ತು ನಮ್ಮ ಬ್ಯಾಚು

ಕಳೆದ ತಿಂಗಳು ಆಫೀಸ್ ಕ್ಯಾಬ್ ಸಿಲ್ಕ್ ಬೋರ್ಡ್ ಹತ್ತಿರ ನಿಂತೇ ಇತ್ತು. ಯೂಟ್ಯೂಬ್ ತಾನಾಗೇ ಒಂದು ಹಳೇ ಅಮೆರಿಕನ್ ಕಂಟ್ರಿ ಹಾಡು ಹಾಕಿತು. ‘ದಿ ಕ್ಲಾಸ್ ಆಫ್ ’57’. ಸ್ಟ್ಯಾಟ್ಲರ್ ಬ್ರದರ್ಸ್ ಅನ್ನೋ ತಂಡ 1972ರಲ್ಲಿ ಹಾಡಿದ್ದು. ತಂಡದ ನಾಲ್ವರಲ್ಲಿ ನಿಜವಾದ ಅಣ್ಣತಮ್ಮಂದಿರು ಇಬ್ಬರೇ, ಈ ಹಾಡು ಬರೆದವರೂ ಅವರೇ. ಸ್ಟ್ಯಾಟ್ಲರ್ ಅಂತೂ ಯಾರ ಹೆಸರೂ ಅಲ್ಲ, ಹೋಟೆಲ್ ರೂಮಲ್ಲಿ ಕಣ್ಣಿಗೆ ಬಿದ್ದ ಟಿಶ್ಯೂ ಡಬ್ಬಿಯ ಬ್ರ್ಯಾಂಡ್!

ಹಾಡಲ್ಲಿ ಕಥೆ ಅಂತ ಏನಿಲ್ಲ. 1957ರಲ್ಲಿ ಒಟ್ಟಿಗೆ ಓದು ಮುಗಿಸಿದವರು ಈಗ ಏನಾಗಿದ್ದಾರೆ ಅಂತ ಹಾಜರಿ ಕರೆದ ಹಾಗೆ ಹೇಳ್ತಾ ಹೋಗ್ತಾರೆ. ಒಬ್ಬ ಹಳೇ ಕಾರು ಮಾರ್ತಾನೆ, ಒಬ್ಬನದು ದಿನಸಿ ಅಂಗಡಿ, ಇನ್ನೊಬ್ಬ ಮಿಲ್ಲಿಗೆ ಹೋಗ್ತಾನೆ, ಮತ್ತೊಬ್ಬ ಸಾಲದಲ್ಲಿ ಮುಳುಗಿದ್ದಾನೆ. ಅದೇ ಧಾಟಿಯಲ್ಲಿ, ದನಿ ಕೂಡ ಬದಲಿಸದೆ, ಒಬ್ಬ ತಾನೇ ಜೀವ ತೆಗೆದುಕೊಂಡ ಅಂತ ಹೇಳಿ ಮುಂದೆ ಹೋಗಿಬಿಡ್ತಾರೆ. ಅಲ್ಲಿ ನಾನು ಹಾಡು ನಿಲ್ಲಿಸಿದೆ.

ನಮ್ಮದು 2016ರ ಇಂಜಿನಿಯರಿಂಗ್ ಬ್ಯಾಚ್. ಕೆಲವರು ಡಲ್ಲಾಸ್‌ನಲ್ಲಿ ಮನೆ ತಗೊಂಡಿದ್ದಾರೆ. ಒಬ್ಬ ವಾಪಸ್ ಊರಿಗೆ ಹೋಗಿ ಅಡಿಕೆ ತೋಟ ನೋಡ್ಕೊಳ್ತಿದ್ದಾನೆ. ಒಬ್ಬಳು ಮಗುವಿಗಾಗಿ ಸಣ್ಣ ಬ್ರೇಕ್ ಅಂದಿದ್ದಳು, ನಾಲ್ಕು ವರ್ಷ ಆಯ್ತು. ಹಾಡಿನವರಿಗೆ ಜಗತ್ತನ್ನೇ ಬದಲಿಸೋ ಕನಸಿತ್ತು. ನಮಗೆ ಅಷ್ಟೆಲ್ಲ ಇರಲಿಲ್ಲ ಬಿಡಿ, ಕ್ಯಾಂಪಸ್ ಸೆಲೆಕ್ಷನ್ ಆದ್ರೆ ಸಾಕಿತ್ತು. ಅದೂ ಆಯ್ತು. ಈಗ ಕೋಡನ್ನು ಎಐ ಬರೆಯುತ್ತೆ, ಮೂವತ್ತಕ್ಕೇ ನಾವು ಟೀಮಿನ ಹಳಬರು.

ವಾಟ್ಸ್ಯಾಪ್ ಗ್ರೂಪಲ್ಲಿ ಗೃಹಪ್ರವೇಶ, ಸೀಮಂತದ ಫೋಟೋ ಬರುತ್ತೆ. ಲೇಆಫ್ ಆದವರು ಏನೂ ಹಾಕಲ್ಲ. ನಂಗೆ ಗೊತ್ತು, ಯಾಕಂದ್ರೆ ಹೋದ ವರ್ಷ ಐದು ತಿಂಗಳು ನಾನೇ ಮನೇಲಿದ್ದೆ. ‘ಹೇಗಿದ್ದೀಯೋ’ ಅಂದವರಿಗೆಲ್ಲ ‘ಸೂಪರ್ ಮಗಾ’ ಅಂತಿದ್ದೆ.

ಮಾರ್ಚಿನಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್ ಗ್ರೂಪ್ ಬಿಟ್ಟು ಹೋಗಿದ್ದ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ವರ್ಷ ಒಂದೇ ಬಕೆಟ್ಟಲ್ಲಿ ಬಟ್ಟೆ ನೆನೆಸಿದವರು ನಾವು.

ಕ್ಯಾಬ್ ಇನ್ನೂ ಅಲ್ಲೇ ಇತ್ತು. ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ.

“ಏನ್ ಮಗಾ, ಮದುವೆಗೆ ಕರೆಯೋಕಾ?”

“ಇಲ್ಲ ಕಣೋ, ಸುಮ್ನೆ ಮಾಡ್ದೆ.”

ಆಮೇಲೆ ಏನು ಮಾತಾಡೋದು ಗೊತ್ತಾಗಲಿಲ್ಲ. ಹೋದ ವರ್ಷದ ನನ್ನ ಐದು ತಿಂಗಳ ಕಥೆ ಹೇಳಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಪಾರ್ಕಲ್ಲಿ ಕೂರ್ತಿದ್ದದ್ದನ್ನೂ ಹೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

“ನಂಗೆ ಎಂಟು ಆಯ್ತು ಕಣೋ,” ಅಂದ.

ಆಫೀಸ್ ಬಂದರೂ ನಾನು ಕೆಳಗೇ ನಿಂತು ಮಾತಾಡ್ತಾ ಇದ್ದೆ.