ದಿನಕ್ಕೊಂದು ಕೀರ್ತನೆ

ಜನವರಿ ಬಂತು ಅಂದ್ರೆ 'ಒಂದು ವರ್ಷದಲ್ಲಿ ಸತ್ಯವೇದ' ಅನ್ನೋ ಪಟ್ಟಿ ಚರ್ಚ್‌ನಲ್ಲಿ ಕೈಗೆ ಬರುತ್ತೆ. ಲೆಕ್ಕ ಸರಳ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದ್ರೆ ಡಿಸೆಂಬರ್‌ಗೆ ಮುಗೀತು. ಆದಿಕಾಂಡ ಕಥೆ ಥರ ಓಡುತ್ತೆ. ವಿಮೋಚನಕಾಂಡದ ಅರ್ಧ ದಾಟಿದ ಮೇಲೆ ದೇವದರ್ಶನದ ಗುಡಾರದ ಅಳತೆಗಳು, ಯಾಜಕಕಾಂಡದಲ್ಲಿ ಬಲಿಯ ನಿಯಮಗಳು. ಅಷ್ಟು ಹೊತ್ತಿಗೆ ಆಫೀಸಲ್ಲಿ ಅಪ್ರೈಸಲ್ ಶುರುವಾಗಿರುತ್ತೆ. ಮೂರು ದಿನ ತಪ್ಪಿದ್ರೆ ಹತ್ತು ಅಧ್ಯಾಯ ಬಾಕಿ. ಕಟ್ಟದ ಇಎಂಐ ಥರ ಅದು ಬೆಳೀತಾ ಹೋದ್ರೆ ಪುಸ್ತಕ ಮುಟ್ಟೋಕೇ ಮನಸ್ಸಾಗಲ್ಲ.

ನಾನು ಹಾಕಿಕೊಂಡಿರೋದು ಚಿಕ್ಕ ಲೆಕ್ಕ. ಕೀರ್ತನೆಗಳು ಒಟ್ಟು 150. ದಿನಕ್ಕೆ ಒಂದು, ಮೊದಲಿಂದ ಕೊನೆಯವರೆಗೆ ಸಾಲಾಗಿ. ಹೆಚ್ಚುಕಮ್ಮಿ ಐದು ತಿಂಗಳಿಗೆ ಒಂದು ಸುತ್ತು. ಬೆಳಿಗ್ಗೆ ಕಾಫಿಗೆ ಹಾಲು ಕಾಯೋಕಿಟ್ಟು ಅಡುಗೆಮನೆಯಲ್ಲೇ ಓದ್ತೀನಿ. ಅಚ್ಚಾದ ಪುಸ್ತಕದಲ್ಲೇ, ಯಾಕಂದ್ರೆ ಫೋನ್ ತೆಗೆದ್ರೆ ಮೊದಲು ಕಣ್ಣಿಗೆ ಬೀಳೋದು ಆಫೀಸ್ ಮೆಸೇಜು. ಒಂದು ದಿನ ತಪ್ಪಿದ್ರೆ ಮರುದಿನ ನಿಂತಲ್ಲಿಂದ ಮುಂದಕ್ಕೆ. ಬಾಕಿ ಅನ್ನೋದೇ ಇಲ್ಲ. 117ನೇ ಕೀರ್ತನೆ ಎರಡೇ ವಚನ, ಹಾಲು ಉಕ್ಕೋದ್ರೊಳಗೆ ಮುಗಿಯುತ್ತೆ. 119ನೇದು 176 ವಚನ. ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಎಂಟೆಂಟು ವಚನದ ಹಾಗೆ ಕಟ್ಟಿರೋದು. ಅದಕ್ಕೆ ನಾಲ್ಕು ದಿನ ತಗೊಳ್ತೀನಿ.

ಸಾಲಾಗಿ ಓದೋದು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಅಪ್ಪ ತೀರಿಕೊಂಡಾಗ. ಆಗ ನಾನು ಮೊದಲ ಸುತ್ತಲ್ಲಿ, 70ರ ಆಸುಪಾಸಿನಲ್ಲಿದ್ದೆ. ವಾಟ್ಸಾಪ್ ತುಂಬಾ ಸಮಾಧಾನದ ವಚನಗಳು. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದು. ಹೂವು, ಸೂರ್ಯೋದಯದ ಚಿತ್ರ, ಕೆಳಗೆ 23ನೇ ಕೀರ್ತನೆ. ನನಗೆ ಪ್ರಾರ್ಥನೆ ಮಾಡೋಕೆ ಬಾಯಿ ಬರ್ತಿರಲಿಲ್ಲ. ಊರಿಂದ ವಾಪಸ್ ಬಂದ ಮೇಲೆ ಓದು ಮಾತ್ರ ಮುಂದುವರೀತು. ಅದಕ್ಕೆ ನಂಬಿಕೆ ಗಟ್ಟಿಯಾಗಿರಬೇಕು ಅಂತೇನಿಲ್ಲ, ಹಾಲು ಕಾಯ್ತಾ ಇದ್ರೆ ಸಾಕು.

ಹಾಗೆ ಒಂದು ಬೆಳಿಗ್ಗೆ 88ನೇದರ ಸರದಿ ಬಂತು. ಶಿರೋನಾಮದಲ್ಲಿ ಹೇಮಾನ ಅನ್ನೋ ಹೆಸರಿದೆ. ದುಃಖದ ಕೀರ್ತನೆಗಳು ಬಹುಪಾಲು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. ಇದು ತಿರುಗಲ್ಲ. ಹಗಲೂ ರಾತ್ರಿ ಕೂಗ್ತಿದ್ದೀನಿ, ಯಾಕೆ ಮುಖ ಮರೆಮಾಡ್ತೀಯ ಅಂತ ದೇವರನ್ನೇ ಕೇಳುತ್ತೆ. ಉತ್ತರ ಬರಲ್ಲ. ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಇದನ್ನ ಯಾರೂ ನನಗೆ ಫಾರ್ವರ್ಡ್ ಮಾಡಿರಲಿಲ್ಲ, ಮಾಡೋದೂ ಇಲ್ಲ. ನಾನೇ ಆರಿಸಿಕೊಂಡು ಓದೋದಾಗಿದ್ರೆ ಇದನ್ನ ಆರಿಸ್ತಿರಲಿಲ್ಲ. ಆದ್ರೆ ಆ ವಾರಗಳಲ್ಲಿ ನನ್ನ ಪಕ್ಕ ಬಂದು ಕೂತಿದ್ದು ಇದೊಂದೇ. ಹೀಗೆ ಕೂಗಿದವನ ಮಾತನ್ನೂ ಯಾರೋ ಪವಿತ್ರ ಅಂತ ಎತ್ತಿಟ್ಟಿದ್ದಾರಲ್ಲ, ಹಾಗಾದ್ರೆ ನನ್ನ ಸಿಟ್ಟಿಗೂ ಇಲ್ಲಿ ಜಾಗ ಇದೆ ಅನ್ನಿಸ್ತು.

ಮರುದಿನದ 89 ಶುರುವಾಗೋದೇ ದೇವರ ಕೃಪೆಯನ್ನು ಸದಾ ಹಾಡ್ತೀನಿ ಅಂತ. ಅವತ್ತು ನನಗೆ ಹಾಡೋ ಮನಸ್ಸಿರಲಿಲ್ಲ. ಆದ್ರೂ ಓದಿದೆ, ಅವತ್ತಿನ ಸರದಿ ಅದರದ್ದು.

ಈಗ ನಾಲ್ಕನೇ ಸುತ್ತು. ಎಷ್ಟೋ ದಿನ ಓದಿದ್ದು ಆಫೀಸ್ ಸೇರೋದ್ರೊಳಗೆ ಮರೆತೇ ಹೋಗಿರುತ್ತೆ. ಪರವಾಗಿಲ್ಲ. ಮೊನ್ನೆ ತಿಂದ ಊಟವೂ ನೆನಪಿಲ್ಲ, ಮೈಗೆ ಹತ್ತಿಲ್ಲ ಅಂತಲ್ಲ.

ನೀವು ಶುರು ಮಾಡೋದಾದ್ರೆ ಜನವರಿಗೆ ಕಾಯಬೇಡಿ. ಒಂದನೇ ಕೀರ್ತನೆ ಆರೇ ವಚನ.