ಹಸಿರು ಸೀರೆಗೆ ಸಾಕ್ಷಿ

ಲೋಣಾವಳಾದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡುವುದಿಲ್ಲ. ಆ ನಾಲ್ಕು ತಿಂಗಳು ನೆಗೆಟಿವ್‌ಗಳನ್ನು ಬೂಷ್ಟಿನಿಂದ ಕಾಯುವುದೇ ನಮ್ಮ ಸ್ಟುಡಿಯೋದ ದೊಡ್ಡ ಕೆಲಸ. ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬಿಗಳೊಳಗೆ ಇಡುತ್ತಿದ್ದೆವು.

ನಾನು 1966ರಲ್ಲಿ ಕುಂದಾಪುರದಿಂದ ಸೋದರಮಾವನ ಹೋಟೆಲಿಗೆಂದು ಬಂದವನು. ಗಲ್ಲಾದಲ್ಲಿ ಕೂರಲು ಮನಸ್ಸಾಗದೆ ಪಕ್ಕದ ಫೋಟೋ ಸ್ಟುಡಿಯೋ ಸೇರಿದೆ. ನಮ್ಮ ಕಡೆಯ ಪಡುಕೋಣೆ ಮೂಲದ ಸಿನಿಮಾ ನಿರ್ದೇಶಕ ಗುರುದತ್ತರ ತೋಟ ಇದೇ ಲೋಣಾವಳಾದಲ್ಲಿತ್ತು ಎಂದು ಮಾವ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಗುರುದತ್ತರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ನನ್ನ ಪಾಲಿಗೆ ಬಂದದ್ದು ಬಣ್ಣ ಹಚ್ಚುವ ಕೆಲಸ. ಕಪ್ಪುಬಿಳುಪು ಪ್ರಿಂಟನ್ನು ಸೆಪಿಯಾಕ್ಕೆ ತಿರುಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ತೆಳುವಾದ ಎಣ್ಣೆಬಣ್ಣವನ್ನು ಕೆನ್ನೆಗೆ, ತುಟಿಗೆ, ಸೀರೆಗೆ ಸವರಬೇಕು. ಮದುವೆ ಫೋಟೋ ಆದರೆ ಸೀರೆಯ ಬಣ್ಣವನ್ನು ಮನೆಯವರೇ ಹೇಳುತ್ತಿದ್ದರು, ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಟಾಕೀಸಿನವರು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಲು ಕೊಡುತ್ತಿದ್ದ ಸಿನಿಮಾ ಸ್ಟಿಲ್‌ಗಳಿಗೆ ಮಾತ್ರ ಹೇಳುವವರಿರಲಿಲ್ಲ. ಕಣ್ಣಿಗೆ ಚೆಂದ ಕಂಡದ್ದನ್ನು ಹಚ್ಚುತ್ತಿದ್ದೆ.

1968ರ ಆಷಾಢದಲ್ಲಿ ಭುಶಿ ಅಣೆಕಟ್ಟಿನ ಬಳಿ ಒಂದು ಹಿಂದಿ ಚಿತ್ರದ ಶೂಟಿಂಗ್. ಛತ್ರಿ ಹಿಡಿಯಲು ನನ್ನನ್ನು ಕರೆದಿದ್ದರು. ನಾಯಕಿಗೆ ಗಿಳಿಹಸಿರು ಸೀರೆ, ಕುಂಕುಮದ ಬಣ್ಣದ ರವಿಕೆ. ಕ್ಯಾಮೆರಾಮನ್ ನೋಡಿದವರೇ ರವಿಕೆ ಬದಲಿಸಿ ಎಂದರು. ಬರಿಗಣ್ಣಿಗೆ ಅಷ್ಟು ದೂರದೂರ ಇರುವ ಹಸಿರು, ಕೆಂಪು ಎರಡೂ ಕಪ್ಪುಬಿಳುಪು ಫಿಲ್ಮಿನ ಮೇಲೆ ಒಂದೇ ಬೂದಿಯಾಗಿ ಕಲಸಿಹೋಗುತ್ತವಂತೆ. ತಿಳಿಹಳದಿ ರವಿಕೆ ಬಂತು. ಬೊಂಬಾಯಿಯ ಸ್ಟಿಲ್ ಫೋಟೋಗ್ರಾಫರರ ಕೊರಳಲ್ಲಿ ಎರಡು ಕ್ಯಾಮೆರಾ ಇದ್ದವು. ಒಂದರಲ್ಲಿ ಕಪ್ಪುಬಿಳುಪು, ಇನ್ನೊಂದರಲ್ಲಿ ಹನ್ನೆರಡೇ ಫ್ರೇಮಿನ ಕಲರ್ ಸ್ಲೈಡ್ ರೋಲ್. ಇಡೀ ಸಿನಿಮಾವನ್ನು ಬಣ್ಣದಲ್ಲಿ ತೆಗೆಯಲು ಪರದೇಶದ ಕಚ್ಚಾ ಫಿಲ್ಮ್ ಬೇಕು, ಅದಕ್ಕೆ ತಕ್ಕ ದುಡ್ಡೂ ಬೇಕು. ಪತ್ರಿಕೆಯ ಮುಖಪುಟಕ್ಕೆ ಒಂದು ರೋಲ್ ಸಾಕು ಎಂದು ಅವರೇ ಬಿಡಿಸಿ ಹೇಳಿದರು.

ಮರುವರ್ಷ ಆ ಚಿತ್ರ ನಮ್ಮೂರಿಗೆ ಬಂತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತವನು ಅಲ್ಲೇ ನಿಂತುಬಿಟ್ಟೆ. ಅದೇ ಅಣೆಕಟ್ಟು, ಅದೇ ನಾಯಕಿ. ಸೀರೆ ಮಾತ್ರ ಗುಲಾಬಿ. ಮಂಜು ಕವಿದು ಎದುರಿನವರೇ ಕಾಣದಿದ್ದ ಆ ದಿನಕ್ಕೆ ನೀಲಿ ಆಕಾಶ ಬಳಿದಿದ್ದರು. ನನ್ನಂಥವನೇ ಯಾರೋ ನೋಡದೆ ಹಚ್ಚಿದ ಬಣ್ಣ. ಅಷ್ಟು ದಿನ ನಾನು ಹಚ್ಚಿದ್ದೂ ಅದೇ ಅಲ್ಲವೇ ಎಂದು ರಾತ್ರಿಯಿಡೀ ಮನಸ್ಸು ಚುಚ್ಚಿತು.

ಬಣ್ಣದ ಬೆಲೆ ನಮ್ಮವರಿಗೆ ತಿಳಿಯದ್ದಲ್ಲ. ಗುರುದತ್ತರು ನಿರ್ಮಿಸಿದ ‘ಚೌದ್‌ವೀ ಕಾ ಚಾಂದ್’ 1960ರ ಕಪ್ಪುಬಿಳುಪು ಚಿತ್ರ. ಅದರ ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿ ಚಿತ್ರಿಸಿದವರು ಮೈಸೂರಿನ ವಿ.ಕೆ. ಮೂರ್ತಿ. ಅಂಥ ಭಾಗ್ಯವಿಲ್ಲದ ನೂರಾರು ಚಿತ್ರಗಳಿಗೆ ಸೆಟ್ಟಿನಲ್ಲಿ ತೆಗೆದ ಸ್ಲೈಡುಗಳೇ ಸಾಕ್ಷಿ.

ಎಪ್ಪತ್ತರ ದಶಕ ಕಳೆಯುವಷ್ಟರಲ್ಲಿ ಸಿನಿಮಾವೇ ಬಣ್ಣಕ್ಕೆ ತಿರುಗಿತು, ಆಮೇಲೆ ಕಲರ್ ಲ್ಯಾಬ್ ಬಂತು, ನನ್ನ ಹತ್ತಿ ಕಡ್ಡಿ ಮೂಲೆ ಸೇರಿತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಕಂಪ್ಯೂಟರಿನ ಬಣ್ಣ ಹೊತ್ತು ಬಂದವು. ರಾಜಕುಮಾರ್ ಅವರನ್ನು ಹಾಗೆ ನೋಡಿ ಜನ ಹಿಗ್ಗಿದರು, ನಾನೂ ಹಿಗ್ಗಿದೆ. ಆದರೆ ಬೂದಿ ಬಣ್ಣ ತಾನು ಹಿಂದೆ ಹಸಿರಾಗಿದ್ದೆನೋ ಕೆಂಪಾಗಿದ್ದೆನೋ ಎಂದು ಹೇಳಲಾರದು. ಈಗ ಮೊಬೈಲೇ ಚಿಟಿಕೆಯಲ್ಲಿ ಬಣ್ಣ ಹಚ್ಚುತ್ತದೆ, ಅದೂ ಸೀರೆಯನ್ನು ನೋಡಿದ್ದಲ್ಲ.

ಅಣೆಕಟ್ಟಿನ ಬಳಿ ಕಂಡ ಆ ಫೋಟೋಗ್ರಾಫರ್ ಆಮೇಲೆ ಕಳಿಸಿಕೊಟ್ಟ ಒಂದು ಸ್ಲೈಡ್ ನನ್ನಲ್ಲಿತ್ತು. ಎಷ್ಟು ಅಕ್ಕಿ ಹುರಿದಿಟ್ಟರೂ ಲೋಣಾವಳಾದ ಮಳೆ ಅದನ್ನು ಉಳಿಸಲಿಲ್ಲ. ನಾಯಕಿಯ ಮುಖದ ಮೇಲೆ ಬೂಷ್ಟು ಬಲೆ ಹೆಣೆದಿದೆ. ಸೀರೆಯ ಒಂದು ಮೂಲೆಯ ಹಸಿರು ಇನ್ನೂ ಇದೆ.

1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಚಿತ್ರಗಳನ್ನಷ್ಟೇ ಅಲ್ಲ, ಸ್ಟಿಲ್, ಪೋಸ್ಟರ್, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತದೆ. ನಿಮ್ಮ ಅಟ್ಟದಲ್ಲಿ ಹಳೆಯ ಸಿನಿಮಾ ಸ್ಲೈಡುಗಳಿದ್ದರೆ ಮಳೆಗಾಲಕ್ಕೆ ಮೊದಲೇ ಕೆಳಗಿಳಿಸಿ. ಚಿತ್ರದ ಹೆಸರು, ವರ್ಷ, ಯಾರು ಯಾವ ಬಣ್ಣ ಉಟ್ಟಿದ್ದರು ಎಂಬುದನ್ನು ಬರೆದು ಅಲ್ಲಿಗೆ ತಲುಪಿಸಿ.